ನಾಲ್ಕು ನಿಮಿಷ ಹನ್ನೆರಡು ಸೆಕೆಂಡು

ಬೇಲೇಕೇರಿ,
ಮಂಗಳವಾರ, ೫ ಆಗಸ್ಟ್ ೨೦೨೫

ಪ್ರಗತಿಯ ಅಪ್ಪನಿಗೆ,

ನಿಮ್ಮ ಪೂರ್ಣಿಮಾಳ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಮೊದಲು ಬರೆಯಬೇಕಂತೆ, ಅದಕ್ಕೇ ಬರೆದಿದ್ದೇನೆ. ಕ್ಷೇಮ ಏನೂ ಇಲ್ಲ. ಬೆಳಿಗ್ಗೆಯಿಂದ ಮೂರು ಸಲ ಬರೆಯಲು ಕುಳಿತು ಮೂರು ಸಲ ಎದ್ದಿದ್ದೇನೆ. ಒಮ್ಮೆ ಅನ್ನ ಬಸಿಯಲು, ಒಮ್ಮೆ ಬೆಕ್ಕು ಓಡಿಸಲು, ಇನ್ನೊಮ್ಮೆ ಸುಮ್ಮನೆ ಬಾಗಿಲ ತನಕ ಹೋಗಿ ಬರಲು. ಮೊಬೈಲಿನಲ್ಲಾದರೆ ಅರ್ಧ ಬರೆಯುವಷ್ಟರಲ್ಲಿ ಉಳಿದರ್ಧ ಅದೇ ಹೇಳಿಕೊಡುತ್ತದೆ. ಪೆನ್ನಿಗೆ ಆ ಬುದ್ಧಿ ಇಲ್ಲ. ಮುಂದಿನ ಶಬ್ದ ಯಾವುದೆಂದು ನಾನೇ ಹುಡುಕಬೇಕು, ಕಷ್ಟ ಇರುವುದೇ ಅಲ್ಲಿ.

ನೀವು ದೊಡ್ಡ ಫೋನು ಬಿಟ್ಟು ಬಟನ್ ಫೋನು ಇಟ್ಟುಕೊಂಡಿದ್ದೀರಿ, ಸಿಮ್ ಕೂಡ ಹೊಸದು ಎಂದು ಐಸ್ ಟೆಂಪೋದ ಮಂಗೇಶ ಹೇಳಿದ. ಕಾರವಾರದ ಬೈತಖೋಲ ಬಂದರಿನಲ್ಲಿ ಯಾರದೋ ಟ್ರಾಲರಿನ ಬಲೆ ಹೊಲಿಯುತ್ತ ಕುಳಿತಿದ್ದಿರಂತೆ. ನಂಬರು ಕೇಳಿದರೆ ಕೊಡಲಿಲ್ಲ. "ಕೊಡೂದು ಬೇಡ ಹೇಳಾನೆ, ವಯ್ನಿ. ನಾ ಎಂತ ಮಾಡೂದು?" ಎಂದ. ಕಾಗದವಾದರೆ ಕೊಡುತ್ತೀಯಾ ಎಂದು ಕೇಳಿದೆ. ಕಾಗದ ಬೇಡ ಅಂತ ನೀವು ಹೇಳಿಲ್ಲವಂತೆ, ಕೊಡುತ್ತೇನೆ ಎಂದ. ಅದಕ್ಕೇ ಈ ಕಾಗದ.

ಬಟನ್ ಫೋನಿನ ಬಗ್ಗೆ ನನಗೆ ತಕರಾರಿಲ್ಲ. ಒಮ್ಮೆ ಚಾರ್ಜು ಮಾಡಿದರೆ ನಾಲ್ಕು ದಿನ ನಡೆಯುತ್ತದೆ, ಮೀನು ಹಿಡಿದ ಒದ್ದೆ ಕೈಯಲ್ಲಿ ಒತ್ತಿದರೂ ಮಾತು ಕೇಳುತ್ತದೆ. ಆದರೆ ಚಾರ್ಜರ್ ಚುಚ್ಚುವ ತೂತಿಗೆ ರಬ್ಬರಿನ ಮುಚ್ಚಳ ಇದೆಯೋ ನೋಡಿಕೊಳ್ಳಿ, ಇಲ್ಲದಿದ್ದರೆ ಉಪ್ಪುಗಾಳಿಗೆ ಎರಡು ತಿಂಗಳಲ್ಲಿ ಹಸಿರು ಹಿಡಿಯುತ್ತದೆ. ನೋಡಿ, ಮೂರೂವರೆ ತಿಂಗಳು ಮನೆ ಬಿಟ್ಟ ಗಂಡನಿಗೆ ಕಾಗದ ಬರೆಯಲು ಕುಳಿತು ಫೋನಿನ ಗುಣದೋಷ ಹೇಳುತ್ತಿದ್ದೇನೆ. ಹೇಳಬೇಕಾದದ್ದನ್ನು ಮುಂದೆ ತಳ್ಳುವುದರಲ್ಲಿ ನಾನು ಪಳಗಿ ಹೋಗಿದ್ದೇನೆ.

ಹೇಳಿಬಿಡುತ್ತೇನೆ. ನಮ್ಮ ಕಲ್ಲಿನ ನಂಬರು ಹೊರಗೆ ಹೋದದ್ದು ನನ್ನ ವಿಡಿಯೋದಿಂದ.

ಇಷ್ಟು ಬರೆದು ಮತ್ತೆ ಎದ್ದು ಹೋಗಿದ್ದೆ. ಈಗ ಬಂದು ಕುಳಿತಿದ್ದೇನೆ. ಮೊದಲಿನಿಂದಲೇ ಹೇಳುತ್ತೇನೆ, ಸಿಟ್ಟು ಬಂದರೂ ಪೂರ್ತಿ ಓದಿ.

ಎಲ್ಲ ಶುರುವಾದದ್ದು ಆ ಮಿಕ್ಸರಿನಿಂದ. ಮೊಬೈಲಿನಲ್ಲಿ ಯಾರೋ ಹೊಗಳಿದ್ದರೆಂದು ತರಿಸಿದ್ದು ಆರು ತಿಂಗಳಿಗೆ ತಳದಿಂದ ತುಕ್ಕು ಹಿಡಿದು ಕಾಯಿ ಮಸಾಲೆ ಅರೆಯುವಾಗ ನಿಂತುಹೋಯಿತಲ್ಲ. ಆ ಸಿಟ್ಟಿನಲ್ಲಿ ನಾನು ಮೊದಲ ವಿಡಿಯೋ ಮಾಡಿದ್ದು. ಹೊಗಳುವವರೆಲ್ಲ ಎಸಿ ಕೋಣೆಯಲ್ಲಿ ಕುಳಿತು ಹೊಗಳುತ್ತಾರೆ, ಕಡಲ ದಂಡೆಯ ಮನೆಯಲ್ಲಿ ಯಾವುದು ತಾಳುತ್ತದೆಂದು ಹೇಳುವವರು ಯಾರೂ ಇರಲಿಲ್ಲ. ನಾನು ಹೇಳಿದೆ. ಬೆರಳು ಒತ್ತಿದರೆ ತೆರೆಯುವ ಫೋನು ಮೀನು ಕೊಯ್ಯುವ ಹೆಂಗಸರನ್ನು ಗುರುತೇ ಹಿಡಿಯುವುದಿಲ್ಲ ಎಂದು ತೋರಿಸಲು ವಾರಗಿತ್ತಿ ನಾಗು ಅಕ್ಕನ ಹೆಬ್ಬೆರಳನ್ನು ಹದಿನಾರು ಸಲ ಒತ್ತಿಸಿದ್ದೆ. ಅಕ್ಕ ಕಡೆಗೆ, "ಇದ್ಕೆ ನಾ ಯಾರು ಹೇಳಿ ಗೊತ್ತಿಲ್ದಿದ್ರೆ ನಂಗೂ ಇದು ಯಾರು ಹೇಳಿ ಬೇಡ" ಎಂದು ಫೋನು ಬದಿಗಿಟ್ಟು ಹೋದರು. ಅದನ್ನು ನೋಡಿ ನೀವು ಎಷ್ಟು ನಕ್ಕಿದ್ದಿರಿ. ಹನ್ನೊಂದು ಸಾವಿರ ಜನ ನನ್ನ ಚಾನೆಲ್ಲಿಗೆ ಸೇರಿದ್ದು ನಾನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ. ಬಿಟ್ಟಿ ಕಳಿಸಿದ ಇಯರ್‌ಫೋನನ್ನೂ ಕೆಟ್ಟದೆಂದೇ ಹೇಳಿದವಳು ನಾನು. ನನಗೆ ಅದರ ಸೊಕ್ಕು ಇತ್ತು.

ಫೆಬ್ರವರಿಯಲ್ಲಿ ನೀವು ಮತ್ತು ಜಟ್ಟು ಭಾವ ಅಣ್ಣತಮ್ಮ ಸೇರಿ ದೋಣಿಗೆ ಆ ಮೀನು ತೋರಿಸುವ ಮಶೀನು ತಂದಿರಿ. ಮಾವ ಇರುವಾಗ ಮೀನು ಕೂರುವ ನಮ್ಮ ಕಲ್ಲಿಗೆ ನಂಬರು ಇರಲಿಲ್ಲ. ಗುಡ್ಡದ ತಲೆ ಯಾವುದರ ಗೆರೆಗೆ ಬರಬೇಕು, ನಡುಗಡ್ಡೆಯ ಮೂಗು ಎಷ್ಟು ಕಾಣಬೇಕು ಎಂಬುದನ್ನು ಅವರು ನಿಮ್ಮಿಬ್ಬರಿಗೂ ದೋಣಿಯಲ್ಲೇ, ನೀರಿನ ಮೇಲೆಯೇ ಹೇಳಿಕೊಟ್ಟದ್ದು. ನೆಲದ ಮೇಲೆ ಆ ಕಲ್ಲಿನ ಸುದ್ದಿ ಎತ್ತಬಾರದು ಎಂಬುದು ಈ ಮನೆಯ ಕಟ್ಟಳೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ನೀರಿನಡಿಯ ಆ ಕಲ್ಲು ಯಾವ ದಿಕ್ಕಿಗಿದೆ ಎಂದು ನಾನು ಕೇಳಿದವಳಲ್ಲ. ಅಲ್ಲಿಂದ ಗಾಳಕ್ಕೆ ಬಿದ್ದು ಬಂದ ಗೊಬ್ರಾ ಮೀನು ಕೊಯ್ದಿದ್ದೇನೆ, ಅಷ್ಟೆ. ಮಶೀನು ಬಂದ ಮೇಲೆ ನೀವಿಬ್ಬರೂ ಆ ಜಾಗವನ್ನು ಅದರೊಳಗೆ ಬರೆದಿಟ್ಟಿರಿ. ಮಾವನ ಬಾಯಲ್ಲಿದ್ದದ್ದು ಎರಡು ಸಾಲು ಜಿಪಿಎಸ್ ನಂಬರಾಯಿತು.

ಅದರ ವಿಡಿಯೋ ಮಾಡುತ್ತೇನೆಂದು ನಾನು ಹಟ ಹಿಡಿದಾಗ ನೀವು ಬೇಡ ಅನ್ನಲಿಲ್ಲ. ಡೆಮೋ ಹಾಕಿ ತೋರಿಸು ಎಂದಿರಿ. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲೆಂದು ಅದರಲ್ಲಿ ಸುಳ್ಳು ಸಮುದ್ರ, ಸುಳ್ಳು ಮೀನು ಬರುತ್ತದಲ್ಲ, ಅದು. ಅಂಗಳದಲ್ಲಿ ಬ್ಯಾಟರಿಗೆ ಜೋಡಿಸಿ, ಡೆಮೋ ಹಾಕಿಕೊಟ್ಟು, ನೀವು ಸ್ನಾನಕ್ಕೆ ಹೋದಿರಿ. ಚಿತ್ರ ತೆಗೆಯುವಾಗ ನಡುವೆ ವಯರು ಸಡಿಲಾಗಿ ಮಶೀನು ಒಮ್ಮೆ ಆರಿ ಹತ್ತಿತು. ಹತ್ತಿದಾಗ ಡೆಮೋ ಹೋಗಿ ಖರೆ ಪರದೆ ಬಂದಿತ್ತು. ನನಗೆ ಅದು ಗೊತ್ತಾಗಲಿಲ್ಲ. ಬಿಸಿಲಿನಲ್ಲೂ ಪರದೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ ಎಂದು ಕ್ಯಾಮೆರಾ ಹತ್ತಿರ ಹಿಡಿದೆ. ಹಾಗೇ ಚಾನೆಲ್ಲಿಗೆ ಹಾಕಿದೆ.

ಯುಗಾದಿ ಮುಗಿದ ಮೇಲೆ ದೊಡ್ಡ ಬೋಟುಗಳು ಬಂದವು. ಹತ್ತು ದಿನ ಹಗಲೂ ರಾತ್ರಿ ನಮ್ಮ ಕಲ್ಲಿನ ಸುತ್ತ ಬಲೆ ಎಳೆದರು ಎಂದು ನೀವೇ ಬಂದು ಹೇಳಿದಿರಿ. ಆಮೇಲೆ ನಿಮ್ಮ ಗಾಳಕ್ಕೆ ಬೆರಳುದ್ದದ ಮರಿಯೂ ಸಿಗಲಿಲ್ಲ. ಅದೇ ವಾರ ನನ್ನ ವಿಡಿಯೋದ ಕೆಳಗೆ ಯಾರೋ, ಹೆಸರಿಲ್ಲ ಮುಖವಿಲ್ಲ, ಒಂದು ಸಾಲು ಬರೆದಿದ್ದರು. 'ನಾಲ್ಕು ನಿಮಿಷ ಹನ್ನೆರಡನೇ ಸೆಕೆಂಡಿಗೆ ಥ್ಯಾಂಕ್ಸ್ ಅಕ್ಕ' ಎಂದು, ಮುಂದೆ ಎರಡು ಕೈ ಮುಗಿದ ಚಿತ್ರ. ನಾನು ಅಲ್ಲಿಗೆ ಹೋಗಿ ನಿಲ್ಲಿಸಿ ನೋಡಿದೆ. ಎರಡೂ ಸಾಲು ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು, ಪ್ರಗತಿ ಕೂಡ ಓದಬಹುದಿತ್ತು. ವಿಡಿಯೋ ಅಳಿಸಿ ಹಾಕಿದೆ. ಅಷ್ಟರೊಳಗೆ ನಾಲ್ಕು ಸಾವಿರ ಜನ ನೋಡಿಯಾಗಿತ್ತು.

ಎರಡು ದಿನ ಬಿಟ್ಟು ಭಾವ ನಿಮ್ಮನ್ನು ಹಿಡಿದು ಕೇಳಿದರು. ಕಲ್ಲು ಗೊತ್ತಿದ್ದವರು ಇಬ್ಬರೇ, ನಾನು ಬಾಯಿ ಬಿಟ್ಟಿಲ್ಲ, ಹಾಗಾದರೆ ಮಾರಿಕೊಂಡವನು ನೀನೇ ಎಂದರು. ನೀವು ಒಳಗೆ ಬಂದು ನನ್ನ ಹತ್ತಿರ ಒಂದೇ ಮಾತು ಕೇಳಿದಿರಿ, ಆ ವಿಡಿಯೋದಲ್ಲಿ ಏನೂ ಬರಲಿಲ್ಲವಲ್ಲ ಎಂದು. ನಾನು ಈಳಿಗೆಯ ಮುಂದೆ ಕುಳಿತಿದ್ದೆ. ತಲೆ ಎತ್ತದೆ, ಡೆಮೋ ಇತ್ತಲ್ಲ ಎಂದೆ. ನೀವು ಹೊರಗೆ ಹೋಗಿ ಭಾವನಿಗೆ, "ನನ್ ಹೆಂಡ್ತಿ ಬದಿಯಿಂದ ಆದದ್ದಲ್ಲ, ಅದ್ಕೆ ನಾ ಜವಾಬ್ದಾರಿ" ಎಂದದ್ದು ನನಗೆ ಒಳಗೆ ಕೇಳಿತು. ಆಗ ಎದ್ದು ಬರಬೇಕಿತ್ತು. ಬರಲಿಲ್ಲ. ನನ್ನ ಬಾಯಲ್ಲಿ ಖರೆ ಬಿಟ್ಟು ಬೇರೆ ಬರುವುದಿಲ್ಲ ಎಂದು ಹನ್ನೊಂದು ಸಾವಿರ ಜನರಿಗೆ ಹೇಳಿಕೊಂಡವಳಿಗೆ ಅಂಗಳದಲ್ಲಿ ನಿಂತ ಇಬ್ಬರಿಗೆ ಹೇಳಲು ಆಗಲಿಲ್ಲ. ಸಂಜೆಯ ಬಸ್ಸಿಗೆ ನೀವು ಹೋದಿರಿ.

ಆವತ್ತಿನಿಂದ ನನಗೆ ಕುಳಿತಲ್ಲಿ ಕೂರಲು ಆಗುತ್ತಿಲ್ಲ. ಫೋನು ತೆಗೆಯುತ್ತೇನೆ, ಇಡುತ್ತೇನೆ, ಮತ್ತೆ ತೆಗೆಯುತ್ತೇನೆ. ವಾಷಿಂಗ್ ಮಶೀನಿನ ಹೊದಿಕೆಯೊಂದು ಪರೀಕ್ಷೆಗೆಂದು ಬಂದದ್ದು ಪ್ಯಾಕು ಒಡೆಯದೆ ಮಂಚದಡಿ ಬಿದ್ದಿದೆ. ಒಂದು ದಿನ ಕ್ಯಾಮೆರಾ ಎದುರಿಗೆ ಕುಳಿತು 'ಖರೆ ಹೇಳ್ತೆ ಕೇಳಿ' ಎಂದು ಶುರು ಮಾಡಿದೆ, ಯಾವಾಗಲೂ ಹಾಗೇ ಅಲ್ಲವೇ ಶುರು ಮಾಡುವುದು. ಅಲ್ಲಿಗೇ ಕ್ಯಾಮೆರಾ ಆರಿಸಿದೆ. ಅಕ್ಕ ಎಲ್ಲಿ ಹೋದಿರಿ, ಮಳೆಗಾಲಕ್ಕೆ ಯಾವ ಫೋನು ಒಳ್ಳೆಯದು ಹೇಳಿ ಎಂದು ಜನ ಕೇಳುತ್ತಲೇ ಇದ್ದಾರೆ. ಈ ಫೋನೂ ಸುಮ್ಮನಿರುವುದಿಲ್ಲ. ಹೋದ ವರ್ಷ ಇದೇ ದಿನ ಎಂದು ತಾನಾಗಿ ಪಟ ತೆಗೆದು ತೋರಿಸುತ್ತದೆ, ನೀವು ಪ್ರಗತಿಯನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು. ಯಾರು ಕೇಳಿದ್ದರು ಅದನ್ನು? ಮನುಷ್ಯನಿಗೆ ಯಾವುದು ಯಾವಾಗ ನೆನಪಾಗಬೇಕೆಂದು ನಿಶ್ಚಯಿಸಲು ಈ ಕಂಪನಿಯವರು ಯಾರು? ಮೊನ್ನೆ ಪ್ರಗತಿ ಫೋನಿಗೆ ಬಾಯಿ ಹಚ್ಚಿ, ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳುತ್ತಿದ್ದಳು. ಅದು ಕಾರವಾರದಿಂದ ಅಂಕೋಲೆಗೆ ಬರುವ ಬಸ್ಸುಗಳ ಸಮಯ ತೋರಿಸಿತು. ಅವಳು ಅದನ್ನು ಪಟ್ಟಿ ಪುಸ್ತಕದಲ್ಲಿ ಬರೆದುಕೊಂಡು ಬಂದು, "ಆಯಿ, ಇದ್ರಲ್ಲಿ ಯಾವ ಬಸ್ಸು?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ರವಿವಾರ ಭಾವ ಊಟಕ್ಕೆ ಕುಳಿತವರು, ಈ ಶನಿವಾರ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವಾಗ ತನ್ನ ಅಳಿಯ ಸತೀಶ ಹಿಡಿಯಲಿ ಎಂದರು. ಅದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಯಿಗೆ ಕೈ ಹಚ್ಚಿದವರೇ ಆ ವರ್ಷ ದೋಣಿಯವರು. ಒಮ್ಮೆ ಸತೀಶನ ಕೈ ತಾಗಿದರೆ ಮಾವನ ದೋಣಿಯಲ್ಲಿ ನಿಮಗೆ ಜಾಗವಿಲ್ಲ, ಆಮೇಲೆ ನಾನು ಬಾಯಿ ಬಿಟ್ಟರೂ ಬಿಡದಿದ್ದರೂ ಒಂದೇ.

ನಿನ್ನೆ ಮಧ್ಯಾಹ್ನ ಭಾವನಿಗೆ ಹೇಳಿದೆ. ವಿಡಿಯೋ ಚಾನೆಲ್ಲಿನಲ್ಲಿ ಇಲ್ಲದಿದ್ದರೂ ನನ್ನ ಫೋನಿನಲ್ಲಿತ್ತು, ಅದನ್ನೇ ಅವರ ಕೈಗೆ ಕೊಟ್ಟೆ. ಕೈ ಒದ್ದೆ ಇತ್ತು, ಪರದೆ ಅವರ ಮಾತು ಕೇಳಲಿಲ್ಲ. ಲುಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ನಾಲ್ಕು ಸಲ ನೋಡಿದರು. ಹೊಡೆದರೆ ಹೊಡೆಯಲಿ ಎಂದು ನಿಂತಿದ್ದೆ. ಅವರು ಕೇಳಿದ್ದು ಒಂದೇ. "ಗೊತ್ತಿದ್ದು ಮಾಡಿದ್ಯಾ, ಗೊತ್ತಿಲ್ದೆ ಆಯ್ತಾ?" ವಯರಿನ ಸಂಗತಿ ಹೇಳಿದೆ. ಗೊತ್ತಿಲ್ಲದೆ ಆಯಿತು ಭಾವ ಎಂದೆ. ಅವರು, "ಸ್ವಂತ ತಮ್ಮ ಹೇಳಿದ್ದು ನಂಬ್ಲಿಲ್ಲ ನಾ" ಎಂದರು. ನಾಗು ಅಕ್ಕ ಸೆರಗಿನಿಂದ ಕಣ್ಣು ಒರೆಸುತ್ತ ಒಳಗೆ ಹೋದರು.

ಆಮೇಲೆ ಭಾವ ನನ್ನ ಫೋನು ಹಿಡಿದುಕೊಂಡೇ ದಂಡೆಗೆ ನಡೆದರು. ದೋಣಿಗಳ ಹತ್ತಿರ ಕುಳಿತಿದ್ದವರನ್ನೆಲ್ಲ ಕರೆದು ತೋರಿಸಿ, ನನ್ನ ತಮ್ಮ ವಿನೋದ ಯಾರಿಗೂ ಹೇಳಿದ್ದಲ್ಲ, ನಾನು ಸುಮ್ಮನೆ ಅವನ ಮೇಲೆ ಹಾಕಿದೆ ಎಂದು ಎಲ್ಲರೆದುರು ಒಪ್ಪಿಕೊಂಡರು. ಊರು ನನ್ನನ್ನು ಏನನ್ನುತ್ತದೆ ಎಂಬುದು ಇಂದು ಬೆಳಿಗ್ಗೆ ನೀರಿಗೆ ಹೋದಾಗ ಗೊತ್ತಾಯಿತು. ಅನ್ನಲಿ. ನಿಮ್ಮ ಹೆಸರಿನ ಮೇಲೆ ಈಗ ಏನೂ ಇಲ್ಲ. ಬೈತಖೋಲಕ್ಕೆ ತಾನೇ ಹೋಗಿ ಕರೆತರಲು ಭಾವನಿಗೆ ಮುಖವಿಲ್ಲವಂತೆ. "ನೀ ಬರಿ. ಕಾಯಿ ಅವನೇ ಹಿಡೀಬೇಕು ಹೇಳಿ ಬರಿ" ಎಂದಿದ್ದಾರೆ. ಬರೆದಿದ್ದೇನೆ.

ಕಲ್ಲಿನ ಮೇಲೆ ಮತ್ತೆ ಮೀನು ಕೂರಲು ಎಷ್ಟು ವರ್ಷ ಬೇಕೋ ಭಾವನಿಗೂ ಗೊತ್ತಿಲ್ಲ. ಅದನ್ನು ನಾನು ತಿರುಗಿ ಕೊಡಲಾರೆ. ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ, ಅಷ್ಟು ಸಣ್ಣದಲ್ಲ ಇದು. ಶನಿವಾರ ಬೆಳಿಗ್ಗೆ ಭರತದ ನೀರು ಏರಿ ಇಳಿಯುವ ಮೊದಲು ಬನ್ನಿ. ಪ್ರಗತಿ ಎಲ್ಲ ಬಸ್ಸಿಗೂ ಕಾಯುತ್ತಾಳೆ.

ನಿಮ್ಮ ದಾರಿ ನೋಡುತ್ತಿರುವ,
ಪೂರ್ಣಿಮಾ

ತಾ.ಕ.: ಮಂಗೇಶ ಟೆಂಪೋ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾನೆ, ಲಕೋಟೆ ಅಂಟಿಸಿದವಳು ಮತ್ತೆ ಒಡೆದಿದ್ದೇನೆ. ವಯರು ಸಡಿಲಾಗಿರಲಿಲ್ಲ. ಆ ವಿಡಿಯೋಕ್ಕೆ ಮೊದಲು ಒಂದು ಸಣ್ಣ ತುಣುಕು ಹಾಕಿದ್ದೆ, ಡೆಮೋದಲ್ಲೇ. ಸುಳ್ಳು ಸಮುದ್ರ ತೋರಿಸುತ್ತಿದ್ದಾಳೆ, ಈ ಹೆಂಗಸಿಗೆ ದೋಣಿಯ ಗಂಧವೂ ಇಲ್ಲ ಎಂದು ಅದರ ಕೆಳಗೆ ಬರೆದು ಜನ ನಗಾಡಿದರು. ನೀವು ಸ್ನಾನಕ್ಕೆ ಹೋದ ಮೇಲೆ ಡೆಮೋ ತೆಗೆದು ಖರೆ ಪರದೆ ತಂದವಳು ನಾನೇ. ಎಡಿಟ್ ಮಾಡುವಾಗ ಹಿಂದೆ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಲಂಗ ಕಾಣದ ಹಾಗೆ ಮಸುಕು ಮಾಡಿದೆ. ನಂಬರು ನನ್ನ ಕಣ್ಣಿಗೆ ಬಿದ್ದಿತ್ತು, ಅದನ್ನು ಹಾಗೇ ಬಿಟ್ಟೆ. ನಾಲ್ಕು ಸೆಕೆಂಡು ಯಾರು ನೋಡುತ್ತಾರೆ ಎಂದುಕೊಂಡೆ, ನಗಾಡಿದವರು ನನ್ನನ್ನು ನಂಬಿದರೆ ಸಾಕಿತ್ತು. ಭಾವನಿಗೆ ಇದನ್ನು ಹೇಳಿಲ್ಲ. ಕಾಯಿ ಹಿಡಿಯಲು ಹೇಗೂ ಬನ್ನಿ, ಆ ಜಾಗ ನಿಮ್ಮದು. ಆದರೆ ನಮ್ಮ ಮನೆಯ ಮೆಟ್ಟಿಲು ಹತ್ತುವುದಾದರೆ ಇದನ್ನು ತಿಳಿದುಕೊಂಡು ಹತ್ತಿ.