ಕತ್ತರಿಸು ಅಂದವನು ನೀನು

ಬಸವೇಶ್ವರನಗರ
೨೨ ನವೆಂಬರ್ ೧೯೮೬

ಪ್ರಿಯ ಚನ್ನಕೇಶವ,

ಅಕ್ಟೋಬರ್ ಮೂವತ್ತರಂದು, ನಿಮ್ಮ ಸೈನ್ಯದ ತರಬೇತಿ ಶಾಲೆಯ ವಿಚಾರಣೆಯಲ್ಲಿ, ನೀನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಕೆಡೆಟ್ ಗುರುಸಿದ್ದಯ್ಯ ತನ್ನ ಜೊತೆಯವರೊಂದಿಗೆ ಅಧಿಕಾರಿಯಾಗಿ ಹೊರಬರುವ ಬದಲು ಇನ್ನೂ ಆರು ತಿಂಗಳು ಅಲ್ಲೇ ಕೊಳೆಯಬೇಕು. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಬರೆದು ಬರೆದು ಹರಿದು ಹಾಕಿದೆ. ಇಲ್ಲಿ ಎಲ್ಲರೂ ಕ್ಷೇಮ. ನಮ್ಮನೆಯವಳು ಅಂಜಮ್ಮನ ಮಂಡಿನೋವು ಕಡಿಮೆಯಾಗಿದೆ. ನನ್ನ ಕೋಪ ಕಡಿಮೆಯಾಗಿಲ್ಲ.

ರಾಜಾಜಿನಗರದ ನನ್ನ ವರ್ಕ್‌ಶಾಪಿಗೆ ಬಂದು ಕರೆದವನು ನೀನೇ. "ದೊಡ್ಡ, ನಮ್ಮ ಹುಡುಗರಿಗೆ ಆರ್ಡರ್ ಪಾಲಿಸೋದು ಬರುತ್ತೆ, ಹೊಸದಾಗಿ ಯೋಚಿಸೋದು ಬರಲ್ಲ. ರಿಟೈರ್ ಆದ್ಮೇಲೆ ಯಾವುದೋ ಫ್ಯಾಕ್ಟರಿ ಗೇಟಲ್ಲಿ ಕೂತ್ಕೋತಾರೆ. ಒಂದು ಉದ್ಯಮ ಕಟ್ಟೋದು ಹೇಗೆ ಅಂತ ಹೇಳ್ಕೊಡೋ" ಅಂದೆ.

ಹೇಳಿಕೊಟ್ಟೆ. ಶನಿವಾರ ಅವರನ್ನು ಇಂಡಸ್ಟ್ರಿಯಲ್ ಎಸ್ಟೇಟಿಗೆ ಕರೆತಂದು, ಕ್ಯಾನ್ವಾಸ್ ತುಂಡುಗಳನ್ನು ಚೌಕಾಸಿ ಮಾಡಿ ಕೊಳ್ಳಿ ಎಂದೆ. ಒಬ್ಬ ಹುಡುಗ ಅಂಗಡಿಯವನ ಮುಂದೆ ಎದೆಯುಬ್ಬಿಸಿ ನಿಂತು ಅಪ್ಪಣೆಯನ್ನೇ ಕೊಟ್ಟುಬಿಟ್ಟ. "ಏನಪ್ಪಾ, ಅವನು ಸೆಲ್ಯೂಟ್ ಹೊಡೀಲಿ ಅಂತ ಕಾಯ್ತಾ ಇದೀಯಾ?" ಎಂದು ನಾನು ಕೇಳಿದರೆ ಎಲ್ಲರೂ ನಕ್ಕರು. ಆಮೇಲೆ ಅವರಿಗೆ ಒಂದೇ ಕೆಲಸ ಕೊಟ್ಟೆ: ದಿನಾ ಬಳಸುವ ವಸ್ತುವೊಂದನ್ನು ಆರಿಸಿ, ಅದರ ತೊಂದರೆ ಕಂಡುಹಿಡಿದು, ಸರಿಮಾಡಿ ತನ್ನಿ.

ಗುರುಸಿದ್ದಯ್ಯ ಬೆನ್ನಿಗೆ ಹೊರುವ ಚೀಲ ಆರಿಸಿದ. ನಿಮ್ಮಲ್ಲಿ ಸರ್ಕಾರ ಕೊಟ್ಟ ಸಾಮಾನಿಗೆ ಒಂದು ಹೊಲಿಗೆ ಹೆಚ್ಚು ಹಾಕಿದರೂ ಅಪರಾಧ. ಅದು ಗೊತ್ತಿದ್ದೇ ಅವನು ಕ್ಲಾಸಿನಲ್ಲಿ ಎದ್ದು ಕೇಳಿದ: "ಸಾರ್, ಪಟ್ಟಿ ಕತ್ತರಿಸಬಹುದಾ?" ಹಿಂದಿನ ಬೆಂಚಿನಲ್ಲಿ ಕೂತಿದ್ದ ನೀನು ಉತ್ತರ ಕೊಟ್ಟೆ: "ಕತ್ತರಿಸಪ್ಪ. ಯಾರಾದ್ರೂ ಕೇಳಿದ್ರೆ ನಾನಿದೀನಿ."

ಒಂದು ದಾರ ಎಳೆದರೆ ಎರಡೂ ಪಟ್ಟಿ ಕಳಚಿಕೊಳ್ಳುವಂತೆ ಅವನು ಹೊಲಿದ. ಜೊತೆಯ ಹುಡುಗರು ಹೊತ್ತು ಓಡಿ ನೋಡಿ, "ನಮಗೂ ಹೊಲ್ಕೊಡು ಗುರು" ಅಂದರು. ಅಷ್ಟರಲ್ಲಿ ಸಾಮಾನು ತಪಾಸಣೆ ಬಂತು. ಸರ್ಕಾರದ ಆಸ್ತಿ ಹಾಳುಮಾಡಿದ ಎಂದು ಹುಡುಗನನ್ನು ವಿಚಾರಣೆಗೆ ನಿಲ್ಲಿಸಿದರು. ನಾನು ಸಾಕ್ಷಿ ಹೇಳಹೋದರೆ, ಸೈನ್ಯದವನಲ್ಲದ ಸಿವಿಲಿಯನ್ ಮಾತು ದಾಖಲಾಗುವುದಿಲ್ಲ ಎಂದರು. ಜೊತೆಯ ಕೆಡೆಟ್‌ಗಳನ್ನು ಕರೆದು ಕೇಳಲೇ ಇಲ್ಲ. ನಿನ್ನನ್ನು ಕೇಳಿದಾಗ ನೀನು ಮೇಜು ನೋಡುತ್ತಾ, ಹಾಗೆ ಹೇಳಿದ ನೆನಪಿಲ್ಲ ಎಂದೆ. ಗುರುಸಿದ್ದಯ್ಯ ನಿನ್ನ ಮುಖವನ್ನೇ ನೋಡುತ್ತಿದ್ದ.

ಹೊರಗೆ ಬಂದು ನನಗೆ ಏನೆಂದೆ? "ಬಿಡೋ ದೊಡ್ಡ. ಅವನಿಗೆ ಆರು ತಿಂಗಳು ತಾನೇ. ನನ್ನ ಪ್ರಮೋಷನ್ ಹೋದ್ರೆ ಮತ್ತೆ ಬರಲ್ಲ ಕಣೋ."

ಹೈಸ್ಕೂಲಿನಲ್ಲಿ ಕಿಟಕಿ ಗಾಜು ಒಡೆದಾಗ, ಮೇಷ್ಟ್ರು ಕೇಳುವ ಮೊದಲೇ ಎದ್ದು ನಿಂತವನು ನೀನು. ಆ ಚನ್ನಕೇಶವನನ್ನು ನಾನು ಮರೆತಿಲ್ಲ. ನಿಮ್ಮ ಕೆಡೆಟ್ ಹುಡುಗರಿಗೆ ಈಗ ನಾನು ಯಾವ ಮುಖ ಇಟ್ಟುಕೊಂಡು ಹೊಸದಾಗಿ ಯೋಚಿಸಿ ಎನ್ನಲಿ? ಅವರು ಕಲಿತ ಪಾಠ ನನ್ನದಲ್ಲ, ನಿನ್ನದು.

ಮಗಳು ವತ್ಸಲಾಗೆ ಮದುವೆ ಗೊತ್ತಾಯಿತೆಂದು ಬರೆದಿದ್ದೀಯ. ಅವಳು ಸುಖವಾಗಿ ಬಾಳಲಿ. ನಮ್ಮಿಬ್ಬರ ಆಶೀರ್ವಾದ ಅವಳಿಗೆ ತಲುಪಿಸು.

ಇಂತು,
ದೊಡ್ಡಹನುಮಯ್ಯ

ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಮೊದಲೇ ಬರೆಯಲು ಕೈ ಬರಲಿಲ್ಲ: ಅರವತ್ತೆರಡರ ಯುದ್ಧ ಮುಗಿದ ಮೇಲೆ ನನ್ನ ತಮ್ಮ ಚಿಕ್ಕಹನುಮಯ್ಯನ ಟ್ರಂಕು ತಂದುಕೊಟ್ಟವನು ನೀನು. ಕುರುಬರಹಳ್ಳಿಯ ಮನೆಯ ಜಗಲಿಯ ಮೇಲೆ ಕೂತು ಹೇಳಿದೆ: "ಹೊಳೆ ದಾಟೋವಾಗ ಜಾರಿದ ಕಣೋ. ಬಕಲ್‌ಗೆ ಹಿಮ ಕಟ್ಟಿತ್ತು, ಬೆರಳು ಮರಗಟ್ಟಿತ್ತು, ಚೀಲ ಕಳಚೋಕಾಗ್ಲಿಲ್ಲ, ಮುಳುಗಿಹೋದ. ಆ ಚೀಲ ಸರಿಯಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ." ಚಿಕ್ಕನ ವಿಷಯ ನಾನು ಕ್ಲಾಸಿನಲ್ಲಿ ಎತ್ತಿರಲಿಲ್ಲ. ಆ ಹುಡುಗ ತಾನಾಗಿಯೇ ಅದೇ ಚೀಲ ಆರಿಸಿದ, ನೀನು ಅವನ ಬಾಯಿ ಮುಚ್ಚಿಸಿದೆ. ಕೆಡೆಟ್‌ಗಳು ಅಧಿಕಾರಿಗಳಾಗಿ ಹೊರಬರುವ ಡಿಸೆಂಬರ್ ಪೆರೇಡಿಗೆ ನಾನು ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಕೆಡೆಟ್‌ಗಳ ಮುಂದೆ, ಅವರ ಹೆತ್ತವರ ಮುಂದೆ, ಮೈಕ್ ಹಿಡಿದು ಉತ್ತರ ಹೇಳು: ಆ ಪಟ್ಟಿ ಕತ್ತರಿಸಲು ಅಪ್ಪಣೆ ಕೊಟ್ಟವರು ಯಾರು?