ಪಕ್ಕದ ಚಾಪೆ

14 ಸೆಪ್ಟೆಂಬರ್

ಪ್ರೀತಿಯ ಅಕ್ಕ,

ಸಾರಿ, ಸಾರಿ, ಸಾವಿರ ಸಾರಿ! ಮದುವೆಯಾಗಿ ಮೂರು ತಿಂಗಳಾದರೂ ಒಂದು ಸಾಲು ಬರೆಯದ ತಂಗಿಯ ಕಿವಿ ಹಿಂಡಲು ನೀನು ಕಾಯುತ್ತಿರುತ್ತೀಯ. ಹಿಂಡು, ಆದರೆ ಮೊದಲು ಈ ಸುದ್ದಿ ಓದು.

ನಾನು ಶಾಲೆಯಿಂದ ಬರುವ ಹೊತ್ತಿಗೆ ಇವರು ಪ್ರೆಸ್ಸಿಗೆ ಹೊರಟಿರುತ್ತಾರೆ. ಬರುವುದು ನನಗೆ ನಿದ್ದೆ ಹತ್ತಿದ ಮೇಲೆ. ಹಾಗಾಗಿ ಬೆಳಿಗ್ಗೆ ಏಳರ ಯೋಗ ತರಗತಿಯೇ ನಮ್ಮ ಸಂಸಾರ! ಅಕ್ಕಪಕ್ಕ ಎರಡು ಚಾಪೆ, ನಡುವೆ ಒಂದು ಗೇಣು. ಇಲ್ಲೂ ಅದೇ ಪದ್ಧತಿ: ಒಂದು ಆಸನ ಸರಿಯಾಗಿ ಬಂದರಷ್ಟೇ ಗುರುಗಳು ಮುಂದಿನದು ಕೊಡುತ್ತಾರೆ. ಇವರು ಕಾರಂಡವಾಸನದಲ್ಲೇ ನಿಂತುಬಿಟ್ಟಿದ್ದರು. ಮುಂಗೈಗಳ ಮೇಲೆ ತಲೆಕೆಳಗಾಗಿ ನಿಂತು, ಗಾಳಿಯಲ್ಲೇ ಪದ್ಮಾಸನ ಕಟ್ಟಿ, ತೋಳುಗಳ ಮೇಲೆ ಇಳಿದು, ಹಾಗೆಯೇ ಮೇಲೇರಬೇಕು. ಅದನ್ನು ದಾಟಿದವರಿಗೆ ಐದು ಗಂಟೆಯ ತಂಡ. ಇವರು ಇಳಿಯುವವರೆಗೆ ಮಹಾರಾಜ, ಏರುವಾಗ ದಿನವೂ ಕುಂಬಳಕಾಯಿಯಂತೆ ದೊಪ್! ಪಾಪ ಎಂದು ನಾನು ಭುಜಕ್ಕೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು.

ಹುಣ್ಣಿಮೆಯ ದಿನ ತರಗತಿಗೆ ರಜೆ. ಮಾರ್ಕೆಟ್ಟಿನಿಂದ ಬೇಗ ಬಂದು ಬಾಗಿಲು ತಳ್ಳಿದರೆ, ಬೀರುವಿಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಇವರು ಇಳಿದರು, ಏರಿದರು, ಮತ್ತೆ ಇಳಿದರು, ಏರಿದರು. ಥೇಟ್ ಲಿಫ್ಟ್!

"ರೀ! ಇದೇನ್ರೀ ಇದು?"

"ಇಷ್ಟು ಬೇಗ ಬಂದ್ಬಿಟ್ಯಾ?" ಎಂದರು, ತಲೆಕೆಳಗಾಗಿಯೇ.

"ಯಾವಾಗಿಂದ ಬರುತ್ತೆ ಇದು?"

"ಮದುವೆಯಾದ ವಾರಕ್ಕೇ ಬಂತು."

"ಮತ್ತೆ ದಿನಾ ಬೀಳೋದು?"

"ಬೀಳ್ದೇ ಇದ್ರೆ ಐದಕ್ಕೆ ಹಾಕ್ತಾರೆ ಕಣೇ. ಆಮೇಲೆ ನಿನ್ನ ಮುಖ ನೋಡೋದು ಯಾವಾಗ? ಭಾನುವಾರಾನಾ?"

ಅಕ್ಕ, ನಾನು ಟೊಮೆಟೊ ಚೀಲದ ಸಮೇತ ನೆಲದ ಮೇಲೆ ಕೂತು ನಕ್ಕೆ, ಅತ್ತೆ, ಮತ್ತೆ ನಕ್ಕೆ.

"ನನಗೋಸ್ಕರ ಇನ್ನೊಂದ್ಸಲ ಬಿದ್ರೆ ಎಣ್ಣೆ ಬಂದ್!" ಎಂದು ಹಠ ಹಿಡಿದೆ. ಮರುದಿನ ಇವರು ಏರಿದರು. ಗುರುಗಳು ಎಲ್ಲರೆದುರೇ, "ಅಂತೂ ಮನಸ್ಸು ಬಂತಾ? ಇಷ್ಟು ಅಚ್ಚುಕಟ್ಟಾಗಿ ಬೀಳೋರನ್ನ ನಾನೆಲ್ಲೂ ನೋಡಿಲ್ಲಪ್ಪ" ಎಂದರು. ಇವರ ಕಿವಿಯೆಲ್ಲ ಕೆಂಪು! ಈಗ ಐದಕ್ಕೇ ಹೋಗುತ್ತಾರೆ. ಮುಗಿಸಿ ನನ್ನ ಚಾಪೆ ಹಾಸಿಟ್ಟು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ತೂಕಡಿಸುತ್ತಾ ನನಗಾಗಿ ಕಾಯುತ್ತಾರೆ. ಕಾಫಿ ಇಬ್ಬರೂ ಒಟ್ಟಿಗೇ.

ಭಾವನಿಗೆ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ಮುತ್ತು. ಈ ಹುಚ್ಚು ಜೋಡಿಗೆ ನಿನ್ನ ಆಶೀರ್ವಾದವಿರಲಿ.

ನಿನ್ನ
ವಟವಟಿ

ತಾ.ಕ.: ಮರೆತು ಕೊನೆಗೆ ಬರೆಯುತ್ತಿಲ್ಲ ಅಕ್ಕ, ಧೈರ್ಯ ಈಗ ಬಂತು. ನನ್ನನ್ನು ಮೊದಲು ಯೋಗಕ್ಕೆ ಕರೆದುಕೊಂಡು ಹೋದದ್ದು ನೀನು. ಸಂಜೆಯ ತರಗತಿಯಲ್ಲಿ ಎರಡು ವರ್ಷ ಅಕ್ಕಪಕ್ಕ ಇದ್ದೆವು. ನನಗೆ ಮುಂದಿನ ಸರಣಿ ಕೊಟ್ಟು ಬೆಳಗಿನ ತಂಡಕ್ಕೆ ಹಾಕಿದಾಗ ನಾನು ಕುಣಿದುಕೊಂಡು ಹೋದೆ, ಹಿಂತಿರುಗಿಯೂ ನೋಡಲಿಲ್ಲ. ತಿಂಗಳೊಳಗೆ ನೀನು ಚಾಪೆ ಸುತ್ತಿಟ್ಟೆ. ಕೇಳಿದ್ದಕ್ಕೆ "ಬೆನ್ನುನೋವು ಕಣೇ" ಎಂದೆ. ನಾನು ಎರಡನೇ ಸಲ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನಿನಗೆ ನಿಜವಾಗಿಯೂ ಬೆನ್ನುನೋವಿತ್ತಾ?