ರಾಜಕುಮಾರ ಅಂದದ್ದೇನು, ಸ್ನೇಹಾ ಹೇಳಿದ್ದೇನು

ಶಾಂತಕ್ಕಾ,

ತೀರಿಹೋದ ಓರಗಿತ್ತಿಗೆ ಕಾಗದ ಬರೆಯುವುದು ಹುಚ್ಚುತನ ಅಂತ ನನಗೂ ಗೊತ್ತು. ಆದರೆ ಈ ಮಾತನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ನಮ್ಮ ರಾಣಿ ಸೀರಿಯಲ್ ಮತ್ತೆ ಶುರುವಾಗಿದೆ. ಇದು ಮೂರನೇ ಭಾಗ. ಮೊದಲನೆಯದು ನೀವಿದ್ದಾಗ ಬಂತು, ಎರಡನೆಯದು ನೀವು ಹೋದ ಮೇಲೆ ಬಂದು ಹೇಳಹೆಸರಿಲ್ಲದೆ ಹೋಯಿತು. ಈ ಸಲದ ಕಥೆ ರಾಣಿಯ ದತ್ತುಮಗನದು. ತಾನು ಆಕೆಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಅಂತ ಅವನಿಗೆ ಗೊತ್ತಾಗುವ ಕಥೆ. ಅದನ್ನು ಪ್ರತಿ ಭಾನುವಾರ ಸಂಜೆ ನನ್ನ ಮಗ್ಗುಲಲ್ಲೇ ಕೂತು ಸ್ನೇಹಾ ನೋಡುತ್ತಾಳೆ. ನೀವು ಹೆತ್ತು ನನ್ನ ಉಡಿಗೆ ಹಾಕಿದ ಸ್ನೇಹಾ. ಆಕೆಗೆ ಅದನ್ನು ನಾವ್ಯಾರೂ ಹೇಳಿರಲಿಲ್ಲ. ನನ್ನ ಸ್ಥಿತಿ ಏನಾಗಿರಬೇಕು, ನೀವೇ ಯೋಚಿಸಿ.

ಭೋಸರಿಯ ಚಾಳಿನ ಆ ಮುಂದಿನ ಕೋಣೆ ನೆನಪಿದೆಯಾ? ಆಗ ಸೀರಿಯಲ್ ಬರುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ಅತ್ತೆ ಮಿಂದು, ವಿಭೂತಿ ಹಚ್ಚಿಕೊಂಡು, ಚಾಪೆ ಹಾಸಿ ಎಲ್ಲರಿಗಿಂತ ಮೊದಲು ಕೂರುತ್ತಿದ್ದರು. ಪುಣೆಗೆ ಬಂದು ಎಷ್ಟು ಕಾಲವಾದರೂ ಅವರ ಮರಾಠಿ ಮೆಂತ್ಯೆ ಕೊತ್ತಂಬರಿ ಕೊಳ್ಳುವುದಕ್ಕೇ ಮುಗಿಯುತ್ತಿತ್ತು, ಇನ್ನು ದರಬಾರಿನ ಹಿಂದಿ ಎಲ್ಲಿಂದ ಅರ್ಥವಾಗಬೇಕು? ಪರದೆಯ ಮೇಲೆ ಯಾರು ಬಾಯಿ ತೆರೆದರೂ "ಏನಂದಾ? ಏನಂದಾ?" ನೀವು ಶೇಂಗಾ ಸುಲಿಯುತ್ತಾ ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದಿರಿ. ಕೋಟೆಯ ಬಾಗಿಲು ಬಡಿದರೆ ಗೋಡೆಯೇ ಅಲ್ಲಾಡುತ್ತಿತ್ತು, ರಟ್ಟಿನದು ಅಂತ ಯಾರಿಗಾದರೂ ತಿಳಿಯುವಂತಿತ್ತು. ಆದರೂ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಆ ಒಂದು ಭಾನುವಾರವನ್ನು ನಾನು ಸಾಯುವವರೆಗೂ ಮರೆಯಲಾರೆ. ಅತ್ತೆಯ ತಂಗಿ, ಮುಧೋಳದ ಚಿಗವ್ವ ಬಂದು, ನನ್ನ ಗಂಡನಿಗೆ ಇನ್ನೊಂದು ಹೆಣ್ಣು ನೋಡಿದ್ದೇನೆ ಅಂತ ಅತ್ತೆಯ ಕಿವಿಯಲ್ಲಿ ಹಾಕಿ ಹೋದ ವಾರ ಅದು. ನನಗೆ ಮಕ್ಕಳಾಗಲಿಲ್ಲವಲ್ಲ. ಅತ್ತೆ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಅವತ್ತು ಸೀರಿಯಲ್‌ನಲ್ಲಿ ರಾಜಮಾತೆ ಎದ್ದು ನಿಂತು, ಬಂಜೆ ಸೊಸೆ ಸಿಂಹಾಸನಕ್ಕೆ ಅಪಶಕುನ, ಮಗನಿಗೆ ಎರಡನೇ ಮದುವೆ ಮಾಡುತ್ತೇನೆ ಅಂದುಬಿಟ್ಟಳು. ನಾನು ಶಾಲೆಯಲ್ಲಿ ಹಿಂದಿ ಓದಿದವಳು, ನನಗೆ ಪ್ರತಿ ಅಕ್ಷರ ತಿಳಿಯಿತು. ಅತ್ತೆ "ಏನಂದ್ಲು?" ಅಂದರು. ನೀವು ಶೇಂಗಾದ ಮೇಲಿನ ಕಣ್ಣು ಎತ್ತಲೇ ಇಲ್ಲ. "'ನನ್ನ ಸೊಸಿ ಮನಿ ಲಕ್ಷ್ಮಿ. ಕೂಸು ಆಗಲಿಲ್ಲಂದ್ರ ನಮ್ಮ ಮನಿತನದಾಗಿಂದ ಒಂದ ಕೂಸು ದತ್ತಕ ತಗೊಳ್ಳೋಣು' ಅಂದ್ಲರೀ ಅತ್ತಿ." ಅತ್ತೆ "ಶ್ಯಾಣ್ಯಾ ಹೆಣಮಗಳು" ಅಂದರು.

ಆದರೆ ಮುಂದಿನ ವಾರ ಎರಡನೇ ರಾಣಿ ಮೈತುಂಬ ಒಡವೆ ಹೇರಿಕೊಂಡು ಬಂದೇಬಿಟ್ಟಳಲ್ಲ! ಈಗ ನಗು ಬರುತ್ತದೆ, ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು. "ಈಕಿ ಯಾರಬೇ?" "ರಾಜನ ತಂಗಿರೀ." ಅಲ್ಲಿಂದ ಎಷ್ಟು ವಾರ ಆ ಪಾಪದ ಹೆಂಗಸು ತಂಗಿಯಾಗಿ ಕಾಲ ಕಳೆದಳೋ! ರಾಜ ಆಕೆಯ ಅಂತಃಪುರಕ್ಕೆ ಹೋದರೆ, "ತಂಗಿಗೆ ಜ್ವರ ಬಂದಾವ, ನೋಡಾಕ ಹೋಗ್ಯಾನ." ಆಕೆ ರಾಜನ ಹಾದಿ ಕಾಯುತ್ತಾ ಹಾಡಿದರೆ, "ತವರಮನಿ ಹಾಡರೀ." ನಿಮಗೆ ತಿಳಿಯದ ಒಂದು ಸುದ್ದಿ ಹೇಳುತ್ತೇನೆ. ನೀವು ಹೋದ ಮೇಲೆ ಒಮ್ಮೆ ಜೋಳ ಹಸನು ಮಾಡುತ್ತಾ ಅತ್ತೆಯೇ ಬಾಯಿ ಬಿಟ್ಟರು: "ತಂಗಿ ಅಂತ, ತಂಗಿ! ತಂಗಿ ಕೊಳ್ಳಾಗ ಯಾರರ ತಾಳಿ ಕಟ್ಟತಾರೇನ? ನಾ ಏನ ಕುರುಡಿ ಇದ್ನೇನ? ಶಾಂತಾ ನಿನ್ನ ಸಲುವಾಗಿ ಅಷ್ಟ ಕಷ್ಟಪಟ್ಟ ಸುಳ್ಳ ಹೇಳಾಕತ್ತಿದ್ಲು. ಕೇಳಿ ನನಗೂ ಹೌದನಿಸ್ತು." ಮುಧೋಳದ ಹೆಣ್ಣು ಬರದೇ ಹೋದದ್ದು ಹೀಗೆ.

ಸ್ನೇಹಾ ಹುಟ್ಟಿ ತಿಂಗಳಾದ ದಿನ, ನಿಮ್ಮ ತವರಿನ ಪಡಸಾಲೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದಿರಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಪ್ಪಸದ ಕಣ, ಎಲ್ಲ ಪದ್ಧತಿಯಂತೆ ಉಡಿ ತುಂಬಿದಿರಿ. ಕಡೆಗೆ ಕೂಸನ್ನು ಎತ್ತಿ ಅದರ ಮೇಲೆ ಮಲಗಿಸಿದಿರಿ. ಉಡಿಗೆ ಹಾಕಿದ್ದನ್ನು ನಮ್ಮಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ನಿಮಗೆ ಮೊದಲೇ ಇಬ್ಬರಿದ್ದರು, ನಿಜ. ಇಬ್ಬರಿದ್ದರೆ ಮೂರನೆಯದನ್ನು ಕೊಡುವುದು ಸಲೀಸು ಅಂತ ಯಾರು ಹೇಳಿದವರು? ನೀವು ಒಂದೇ ಮಾತು ಅಂದಿರಿ: "ಅವ್ವ ನೀನ. ನಾ ದೊಡ್ಡವ್ವ. ಆಕಿಗೆ ತಿಳುವಳಿಕಿ ಬರ್ಲಿ, ನಾನ ಕೂಡಿಸಿಕೊಂಡ ಹೇಳತೀನಿ." ಹೇಳುತ್ತೇನೆ ಅಂದವರು, ಮಗು ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಎರಡು ದಿನದ ಜ್ವರಕ್ಕೆ ಹೊರಟೇಹೋದಿರಿ. ಸಿಟ್ಟು ಬರುತ್ತದೆ ಅಕ್ಕಾ. ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ, ಆದರೂ ಬರುತ್ತದೆ.

ಈ ಹೊಸ ಭಾಗದ ಮೊದಲ ಕಂತು ಬಂದ ದಿನ ಎಷ್ಟು ಸಂಭ್ರಮ ಇತ್ತು ಗೊತ್ತಾ? ಈಗ ನಾವು ಚಿಂಚವಾಡದಲ್ಲಿದ್ದೇವೆ, ಕೇಬಲ್ ಇದೆ, ದೊಡ್ಡ ಟಿವಿ ಇದೆ. ನಿಜವಾದ ಕಲ್ಲಿನ ಕೋಟೆ, ನಿಜವಾದ ಕುದುರೆಗಳ ಕೆನೆತ. ರಾಣಿಯ ಪಾತ್ರಕ್ಕೆ ಹೊಸಬಳು ಬಂದಿದ್ದಾಳೆ, ನರೆತ ಕೂದಲಲ್ಲಿ ಆಕೆ ದರಬಾರಿಗೆ ನಡೆದು ಬಂದಾಗ ನನ್ನ ಕಣ್ಣು ತುಂಬಿ ಬಂತು. ಇಷ್ಟು ಚೆಂದ ತೆಗೆಯುವವರಿಗೆ ಕಥೆಯಲ್ಲಿ ಯಾಕೆ ಇಂಥ ಕೆಟ್ಟ ಬುದ್ಧಿ? ನಮ್ಮ ಗಟ್ಟಿಗಿತ್ತಿ ರಾಣಿಯನ್ನು ಮಾತುಮಾತಿಗೆ ಅಳಿಸುತ್ತಾರೆ. ಸಾಕಿದ ಮಗನನ್ನು ಕಳ್ಳಗಣ್ಣಿನವನನ್ನಾಗಿ ಮಾಡಿದ್ದಾರೆ, ಮಂತ್ರಿ ಬಂದು ಹೆತ್ತವಳ ಹೆಸರು ಊದಿದ ಕೂಡಲೇ ಅವನು ಕತ್ತಿ ಹಿರಿಯಬೇಕಂತೆ. ಬರೆಯುವವರ ಮನೆಯಲ್ಲಿ ಸಾಕಿದ ಮಕ್ಕಳು ಒಬ್ಬರೂ ಇಲ್ಲವಾ? ಬೈಯುತ್ತೇನೆ, ಆದರೆ ಭಾನುವಾರ ಬಂದರೆ ಟಿವಿಯ ಮುಂದಿನಿಂದ ಏಳಲಾಗುವುದಿಲ್ಲ.

ಹೋದ ವಾರವಿಡೀ ಮುಂದಿನ ಕಂತಿನ ಒಂದು ತುಣುಕನ್ನು ತೋರಿಸಿದ್ದೇ ತೋರಿಸಿದ್ದು. ರಾಜಕುಮಾರ ರಾಣಿಯ ಕಣ್ಣಲ್ಲಿ ಕಣ್ಣಿಟ್ಟು, "ಆಪ್ ಮೇರೀ ಮಾ ನಹೀಂ ಹೈಂ" ಅನ್ನುತ್ತಾನೆ. ನೀವು ನನ್ನ ತಾಯಿಯಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಆ ಮಾತು ಬಂದು ಎದೆಗೆ ಹೊಡೆಯುತ್ತಿತ್ತು. ಸ್ನೇಹಾ ಚಾನೆಲ್ ಬದಲಿಸುತ್ತಿರಲಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಭಾನುವಾರ ಆಳಂದಿಯ ಗುಡಿಗೆ ಹೋಗೋಣ ಅಂದೆ, ಪರೀಕ್ಷೆ ಇದೆ ಅಂದಳು. ಕೇಬಲ್ ವೈರ್ ಕಿತ್ತಿಡೋಣವಾ ಅಂತ ಇವರನ್ನು ಕೇಳಿದೆ. "ಎಷ್ಟ ದಿನಾ ಮುಚ್ಚಿಡ್ತಿ ಮಂಗಲಾ? ಸೀರಿಯಲ್ ಹೇಳೂಕ್ಕಿಂತ ಮೊದ್ಲ ನೀನ ಹೇಳು" ಅಂದರು. ಹೇಳುವುದು ಅವರಿಗೇನು ಸುಲಭ! ಎರಡು ಸಲ ಆಕೆಯ ಮುಂದೆ ಹೋಗಿ ಕೂತೆ. ಒಂದು ಸಲ ಊಟಕ್ಕೆ ಏನು ಮಾಡಲಿ ಅಂತ ಕೇಳಿ ಎದ್ದೆ, ಇನ್ನೊಂದು ಸಲ ಅದೂ ಬಾಯಿಗೆ ಬರಲಿಲ್ಲ...

ಭಾನುವಾರ ಸಂಜೆ ಕುಸುಮ್ ಕಾಕು ಬೇರೆ ಬಂದು ಕೂತರು. ಭೋಸರಿಯಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದವರು, ಈ ಕಾಲೊನಿಯಲ್ಲಿ ವಿಷಯ ಗೊತ್ತಿರುವವರು ಅವರೊಬ್ಬರೇ. ಗುರುವಾರ ಗುರುವಾರ ತಪ್ಪದೆ ಹೋಗುವ ಕರೆಂಟು ಇವತ್ತೊಂದು ದಿನ ಹೋಗಬಾರದೇ ಅಂತ ಬೇಡಿಕೊಂಡೆ, ಹೋಗಲಿಲ್ಲ. ಅತ್ತೆ ಮಂಚದ ಮೇಲೆ, ಅವರ ಕಾಲ ಬಳಿ ಸ್ನೇಹಾ. ಈಗ ಅಜ್ಜಿಗೆ ಕನ್ನಡ ಮಾಡಿ ಹೇಳುವವಳು ಆಕೆಯೇ. ಮಂತ್ರಿ ಗುಟ್ಟು ಒಡೆದ. ಕಾಕು ನನ್ನ ಕಡೆ ನೋಡಿ, "ಬಘಾ, ಆತಾ ತೋ ಖರ್ಯಾ ಆಯೀಕಡೇ ಜಾಣಾರ" ಅಂದುಬಿಟ್ಟರು. ನೋಡು, ಇನ್ನು ಅವನು ನಿಜವಾದ ತಾಯಿಯ ಕಡೆಗೇ ಹೋಗುತ್ತಾನೆ! ನಾನು ಕಣ್ಣಲ್ಲೇ ಗದರಿಸಿದೆ. ಅಷ್ಟರಲ್ಲಿ ರಾಜಕುಮಾರ ರಾಣಿಯ ಎದುರು ಬಂದು ಆ ಮಾತು ಅಂದ, ಆಕೆಯ ಕೈ ಕೊಡವಿದ.

"ಏನಂದಾ?" ಅಂದರು ಅತ್ತೆ.

ಸ್ನೇಹಾ ಅಜ್ಜಿಯ ಕಡೆ ತಿರುಗಿದಳು. ನಾನು ಸೆರಗಿನ ತುದಿ ಹಿಡಿದು ಕೂತಿದ್ದೆ.

"'ನಿಮ್ಮ ಹೊಟ್ಟಿಯೊಳಗ ಹುಟ್ಟಿಲ್ಲಂತ ನನಗ ಮೊದ್ಲ ಗೊತ್ತಿತ್ತು. ಗೊತ್ತಾದ್ರ ಏನಾತು, ನನ್ನ ಅವ್ವ ನೀವ' ಅಂದಾ ಅಜ್ಜಿ."

"ಮತ್ತ ಕೈ ಯಾಕ ಕೊಡವಿದಾ? ಸಿಟ್ಟಲೆ ಯಾಕ ಹೊಂಟಾ?"

"ರಾಜಕುಮಾರ ಅಲಾ, ಮಂದಿ ಮುಂದ ಅಳಬಾರದು. ಅದಕ್ಕ ಹೊರಗ ಹೊಂಟಾನ."

ಅತ್ತೆ ಆಕೆಯ ತಲೆಯ ಮೇಲೆ ಕೈ ಇಟ್ಟರು. ಕನ್ನಡ ಬಾರದ ಕಾಕು ರಾಜಕುಮಾರನನ್ನು ಬೈಯುತ್ತಲೇ ಇದ್ದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತುಬಿಟ್ಟೆ.

ಕಾಕು ಹೋದ ಮೇಲೆ ಸ್ನೇಹಾ ಬಂದು ನಲ್ಲಿ ಬಂದ್ ಮಾಡಿದಳು. ಯಾರು ಹೇಳಿದರು ಅಂತ ಕೇಳಿದೆ. "ಯಾರೂ ಹೇಳಿಲ್ಲ. ಊರಿಗೆ ಹೋದಾಗೆಲ್ಲಾ ಮಂದಿ ನನ್ನ ಗದ್ದಾ ಹಿಡದ ನೋಡತಾರ, 'ಥೇಟ ಶಾಂತಾ' ಅಂತಾರ, ಆಮ್ಯಾಲೆ ನಿನ್ನ ಮಾರಿ ನೋಡಿ ಸುಮ್ಮಕ ಆಗತಾರ. ನನಗ ತಿಳೀಲಾರದೇನು?" ಇಷ್ಟು ದಿನ ಯಾಕೆ ಕೇಳಲಿಲ್ಲ ಅಂದರೆ, "ನೀ ಅಳತಿ ಅಂತ" ಅಂದಳು. ಎಂಥ ಮಕ್ಕಳು ನೋಡಿ! ನಾನು ಆಕೆಯನ್ನು ಕಾಯುತ್ತಿದ್ದೇನೆ ಅಂತ ತಿಳಿದಿದ್ದೆ, ಆಕೆ ನನ್ನನ್ನು ಕಾಯುತ್ತಿದ್ದಳು. ಇನ್ನೇನು ಎಲ್ಲ ಮುಗಿಯಿತು, ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಆಕೆ ಕಟ್ಟೆಗೆ ಒರಗಿ, ನೆಲ ನೋಡುತ್ತಾ ಕೇಳಿದಳು: "ದೊಡ್ಡವ್ವ ನನ್ನ ಯಾಕ ಕೊಟ್ಲು? ಆಕಿಗೆ ನಾ ಬ್ಯಾಡಾಗಿದ್ನೇನು?"

ಅಕ್ಕಾ, ಇಷ್ಟು ವರ್ಷ ನಾನು ಹೆದರಿದ್ದೇ ಬೇರೆ. ನೀನು ನನ್ನ ಅವ್ವ ಅಲ್ಲ ಅಂದುಬಿಟ್ಟರೆ ಅಂತ ಹೆದರಿದ್ದೆ. ಆ ಹುಡುಗಿ ಎದೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದದ್ದು ಈ ಪ್ರಶ್ನೆಯನ್ನು. ನಿಮ್ಮ ಪರವಾಗಿ ಏನು ಹೇಳಲಿ? ನಿಮ್ಮ ಹಾಗೆ ಒಂದು ಚೆಂದದ ಮಾತು ಹೆಣೆಯಲು ನನಗೆ ಬರುವುದಿಲ್ಲ. ಕಂಡದ್ದನ್ನೇ ಹೇಳಿದೆ. ಭೋಸರಿಯ ಎರಡು ಕೋಣೆಯಲ್ಲಿ ನಾವೆಲ್ಲ ಒಟ್ಟಿಗಿದ್ದದ್ದು. ಆಕೆ ನನ್ನ ಮಗ್ಗುಲಲ್ಲಿ ಹಸಿದು ಅತ್ತರೆ ಆಚೆ ಕೋಣೆಯಲ್ಲಿ ನಿಮ್ಮ ಕುಪ್ಪಸ ತೊಯ್ಯುತ್ತಿದ್ದದ್ದು. ಆದರೂ ನೀವಾಗಿ ಬಂದು ಎತ್ತಿಕೊಳ್ಳದೆ, ನಾನು ತರುವವರೆಗೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದದ್ದು.

"ನಿನ್ನ ಕುಡಿಸಿ, ಬಾಯಿ ಒರಸಿ, ಮತ್ತ ನನ್ನ ಕೈಯಾಗ ಕೊಡತಿದ್ಲು" ಅಂದೆ. "ಉಡ್ಯಾಗ ಹಾಕಿದ್ದು ಒಂದ ಸಲ ಸ್ನೇಹಾ. ಆಕಿ ನಿನ್ನ ದಿನಾ ಕೊಡತಿದ್ಲು. ನೀ ಹಾಲ ಬಿಡೂತನಾ, ದಿನಾ. ಬ್ಯಾಡಾದ ಕೂಸಿನ ಸಲುವಾಗಿ ಯಾರರ ಹಂಗ ಬಾಗಲದಾಗ ನಿಂದರತಾರೇನು?"

ಆಕೆ ಆಗ ಅತ್ತಳು. ನಾನು ತಡೆಯಲಿಲ್ಲ.

ದೀಪಾವಳಿಗೆ ಊರಿಗೆ ಬರುತ್ತಿದ್ದೇವೆ. ಪ್ರತಿ ಸಲ ನಿಮ್ಮ ಸಮಾಧಿಗೆ ಹೂವು ಹಾಕುವಾಗ ಆಕೆಯನ್ನು ನನ್ನ ಕೈಯಲ್ಲೇ ಹಿಡಿದಿರುತ್ತಿದ್ದೆ, "ದೊಡ್ಡವ್ವಗ ನಮಸ್ಕಾರ ಮಾಡು" ಅಂತ ನಾನೇ ಹೇಳಿಕೊಡುತ್ತಿದ್ದೆ. ಈ ಸಲ ಏನೂ ಹೇಳಿಕೊಡುವುದಿಲ್ಲ. ನಾನು ಆಚೆ ಬೇವಿನ ಮರದ ಹತ್ತಿರ ನಿಂತಿರುತ್ತೇನೆ. ಆಕೆ ನಿಮ್ಮನ್ನು ಏನಂತ ಕರೆಯುತ್ತಾಳೋ ಕರೆಯಲಿ ಅಕ್ಕಾ, ನಾನು ಕಿವಿಗೊಟ್ಟು ಕೇಳುವುದಿಲ್ಲ.

ನಿಮ್ಮ
ಮಂಗಲಾ